ನಾಲ್ಕು ಹೆಜ್ಜೆಯ ಕಟ್ಟಳೆ

ನೆಲಕ್ಕೆ ಬಿದ್ದ ಚೆಂಡನ್ನು ಕೈಯಿಂದ ಎತ್ತಿಕೊಳ್ಳುವಂತಿಲ್ಲ. ಕೋಲಿನಿಂದಲೇ ಮೇಲೆಬ್ಬಿಸಿ ಆಮೇಲೆ ಹಿಡಿಯಬೇಕು. ಐರ್ಲೆಂಡಿನ ಮಹಿಳೆಯರ ಆಟವಾದ ಕಮೋಗಿಯ ಮುಖ್ಯ ಕಟ್ಟಳೆಗಳಲ್ಲಿ ಇದೊಂದು. ಚಿನ್ನಿದಾಂಡು ಆಡಿ ಬೆಳೆದವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಚಿನ್ನಿಯ ತುದಿಗೆ ತಟ್ಟಿ, ಅದು ಗಾಳಿಗೆ ಚಿಮ್ಮಿದ ಕ್ಷಣದಲ್ಲೇ ಹೊಡೆಯಬೇಕೆಂಬುದನ್ನು ನಾವು ಯಾವ ನಿಯಮಾವಳಿಯಿಂದಲೂ ಕಲಿತವರಲ್ಲ.

ಕಮೋಗಿ ಪುರುಷರ ಹರ್ಲಿಂಗ್ ಆಟದ ಒಡಹುಟ್ಟು. ಹಾಕಿಯಂತೆ ಇಲ್ಲಿಯೂ ಕೋಲುಂಟು. ಆದರೆ ಅದರ ತುದಿ ಅಗಲ, ಚಪ್ಪಟೆ. ಚೆಂಡಾದರೋ ನೆಲಕ್ಕಿಂತ ಹೆಚ್ಚಾಗಿ ಆಕಾಶದಲ್ಲಿರುತ್ತದೆ. ಇದಕ್ಕಾಗಿ ಸಂಘವೊಂದು ಸ್ಥಾಪನೆಯಾದದ್ದು 1904ರಲ್ಲಿ. 2018ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಎರಡೂ ಆಟಗಳನ್ನು ಒಟ್ಟಿಗೇ ಸೇರಿಸಿತು.

ಗಾಳಿಯಲ್ಲಿ ಬರುವ ಚೆಂಡನ್ನು ಆಟಗಾರ್ತಿ ಬರಿಗೈಯಲ್ಲಿ ಹಿಡಿಯಬಹುದು. ಹಿಡಿದ ಮೇಲೆ ಅವಳಿಗೆ ದೊರೆಯುವುದು ನಾಲ್ಕು ಹೆಜ್ಜೆ, ಅಥವಾ ನಾಲ್ಕು ಹೆಜ್ಜೆ ಇಡಲು ಬೇಕಾಗುವಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಹೊಡೆಯಬೇಕು, ಇಲ್ಲವೇ ಚೆಂಡನ್ನು ಕೋಲಿನ ಅಲಗಿನ ಮೇಲೆ ಕುಣಿಸುತ್ತ ಓಡಬೇಕು, ಇಲ್ಲವೇ ಅಂಗೈಯಿಂದ ತಟ್ಟಿ ಜೊತೆಗಾತಿಗೆ ದಾಟಿಸಬೇಕು. ತಟ್ಟಿದ್ದು ಕಣ್ಣಿಗೆ ಕಾಣಬೇಕು. ಸುಮ್ಮನೆ ಎಸೆದರೆ ತಪ್ಪು. ಮೈಮೇಲೆ ಎರಗಿ ಬರುವ ಎದುರಾಳಿಗಳ ನಡುವೆ ಇಷ್ಟನ್ನೂ ನಿರ್ಧರಿಸುವುದು ಸಾಮಾನ್ಯ ಕೆಲಸವಲ್ಲ. ಈ ಶಿಸ್ತು ಹರ್ಲಿಂಗ್‌ನಲ್ಲಿ ಎಷ್ಟೋ ಕಮೋಗಿಯಲ್ಲಿಯೂ ಅಷ್ಟೇ. ಹೆಂಗಸರೆಂದು ಐದನೆಯ ಹೆಜ್ಜೆಯನ್ನು ಯಾರೂ ದಾನ ಮಾಡಿಲ್ಲ.

ಆದರೆ ಬೇರೆ ಕೆಲವು ದಾನಗಳಾಗಿವೆ. ಕೈಯಿಂದ ತಟ್ಟಿ ಗೋಲು ಗಳಿಸುವುದನ್ನು ಹರ್ಲಿಂಗ್ ನಿಷೇಧಿಸಿದ ಎಷ್ಟೋ ವರ್ಷಗಳ ಬಳಿಕವೂ ಕಮೋಗಿಯಲ್ಲಿ ಅದಕ್ಕೆ ಅವಕಾಶವಿತ್ತು. ಕೋಲನ್ನು ಕೆಳಕ್ಕೆ ಬಿಟ್ಟು ಕೈಯಿಂದ ಚೆಂಡು ದಾಟಿಸುವುದಕ್ಕೂ ರಿಯಾಯಿತಿ ಇತ್ತು. ನಮ್ಮ ತಕರಾರು ಇಂಥ ರಿಯಾಯಿತಿಗಳ ಮೇಲೆ. ಕಮೋಗಿಯ ಚೆಂಡು ಹರ್ಲಿಂಗ್‌ನ ಚೆಂಡಿಗಿಂತ ತುಸು ಚಿಕ್ಕದು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಅದು ಅಂಗೈಯ ಅಳತೆಗೆ ಕೊಟ್ಟ ಮನ್ನಣೆ. ಕೋಲಿನ ಆಟದಲ್ಲಿ ಕೋಲನ್ನೇ ಬಿಟ್ಟರೂ ನಡೆಯುತ್ತದೆ ಎನ್ನುವುದಾದರೋ ಕೌಶಲವನ್ನೇ ಕಡಿಮೆ ಬೆಲೆಗೆ ಕೊಂಡಂತೆ. ಅಳತೆಗೆ ತಕ್ಕ ಅಂಗಿ ಹೊಲಿಸುವುದು ಬೇರೆ, ಹೇಗೂ ಇವರು ಹೊರಗೆ ಹೋಗುವವರಲ್ಲವೆಂದು ಗುಂಡಿ ಹಾಕದೆ ಬಿಡುವುದು ಬೇರೆ.

ಇದಕ್ಕೆ ಎದುರುವಾದವೂ ಉಂಟು, ಅದು ಹಗುರವಾದದ್ದಲ್ಲ. ಕಮೋಗಿ ಹರ್ಲಿಂಗ್‌ನ ನೆರಳಾಗಬೇಕೇಕೆ, ಕೈ ಗೋಲು ಅದರ ಸ್ವಂತ ಚೆಲುವಾಗಿರಬಾರದೇಕೆ ಎಂದು ಕೇಳಬಹುದು. ಗೋಲಿನ ಬಾಯಲ್ಲಿ ಮಿಂಚಿನಂತೆ ಕೈಯಿಂದ ಕೈಗೆ ಚೆಂಡು ದಾಟಿದ ಆಟವನ್ನು ನೋಡಿ ಮೆಚ್ಚಿದವರಿಗೆ ನಮ್ಮ ವಾದ ಒಣ ತರ್ಕವಾಗಿ ಕಂಡೀತು. ಒಪ್ಪುತ್ತೇವೆ. ಆದರೆ ಆ ಚೆಲುವನ್ನು ಉಳಿಸಬೇಕೆಂದು ಆಡುವವರೇ ಹೇಳಬೇಕು. ಪಾಪ, ಅವರಿಂದ ಆಗದು ಎಂಬ ಕರುಣೆಯಿಂದ ಉಳಿಯುವ ನಿಯಮ ನಮಗೆ ಬೇಡ. ತಂಡಕ್ಕೆ 12 ಮಂದಿ ಎಂಬ ಹಳೆಯ ಲೆಕ್ಕ ಹೋಗಿ, ಹರ್ಲಿಂಗ್‌ನಂತೆ 15 ಮಂದಿ ಎಂದಾದದ್ದು 1999ರಲ್ಲಿ. ಅದರಿಂದ ಆಟ ಮುಳುಗಲಿಲ್ಲ.

ಆಡುವವರನ್ನು ಕೇಳದಿದ್ದರೆ ಏನಾಗುತ್ತದೆಂಬುದು 2025ರ ಮೇ ತಿಂಗಳಲ್ಲಿ ಕಂಡಿತು. ಕಡ್ಡಾಯವಾಗಿದ್ದ ಸ್ಕಾರ್ಟ್ ಬಿಟ್ಟು ಡಬ್ಲಿನ್, ಕಿಲ್ಕೆನ್ನಿ ತಂಡಗಳು ಚಡ್ಡಿ ತೊಟ್ಟು ಮೈದಾನಕ್ಕಿಳಿದಾಗ, ಬದಲಾಯಿಸಿ ಬರದಿದ್ದರೆ ಪಂದ್ಯವೇ ಇಲ್ಲವೆಂದು ಅವರಿಗೆ ಹೇಳಲಾಯಿತು. ಅದೇ ತಿಂಗಳು ಸಂಘದ ವಿಶೇಷ ಅಧಿವೇಶನದಲ್ಲಿ ಉಡುಪಿನ ಆಯ್ಕೆ ಆಟಗಾರ್ತಿಯರಿಗೇ ಇರಲೆಂದು ಶೇ. 98ರಷ್ಟು ಮತಗಳು ಬಿದ್ದವು. ಹೀಗೆ ಬಹುತೇಕ ಎಲ್ಲರೂ ಒಪ್ಪುವಂಥದ್ದನ್ನು ಅಷ್ಟು ಕಾಲ ತಡೆದವರು ಯಾರು?

ಐರ್ಲೆಂಡಿನ ಮಾತು ನಮಗೇಕೆಂದು ಓದುಗರು ಕೇಳಿಯಾರು. ನಾವು ಕೆಲಸ ಮಾಡಿದ ಕಚೇರಿಯೊಂದರ ವಾರ್ಷಿಕ ಕ್ರೀಡಾಕೂಟದಲ್ಲಿ ಗಂಡಸರಿಗೆ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ. ಹೆಂಗಸರಿಗೆ ನಿಂಬೆಹಣ್ಣು-ಚಮಚದ ಓಟ ಮತ್ತು ಸಂಗೀತ ಕುರ್ಚಿ. ನಮಗೂ ಹಗ್ಗ ಕೊಡಿ ಎಂದು ಸಹೋದ್ಯೋಗಿನಿಯೊಬ್ಬರು ಬರೆದುಕೊಟ್ಟ ಅರ್ಜಿಗೆ ನಾವೇ ಟಿಪ್ಪಣಿ ಸೇರಿಸಿ ಮೇಲಕ್ಕೆ ಕಳಿಸಿದ್ದೆವು. ಕಡತ ‘ಚರ್ಚಿಸಿ’ ಎಂಬ ಷರಾ ಹೊತ್ತು ಹಿಂದಿರುಗಿತು. ಚರ್ಚೆಗೆ ಯಾರೂ ಕರೆಯಲಿಲ್ಲ. ಆ ವರ್ಷವೂ ನಿಂಬೆಹಣ್ಣೇ ಬಂತು.