ಸಿಗಡಿಗೆ ಬಿಳಿ ಚುಕ್ಕೆ ರೋಗ: ವರದಿ ಬರೋ ಹೊತ್ತಿಗೆ ಹೊಂಡ ಖಾಲಿ

ಬಿಳಿ ಚುಕ್ಕೆ ರೋಗದ ವೈರಸ್ ಸಿಗಡಿ ಹೊಂಡದಲ್ಲಿ ಒಮ್ಮೆ ಭುಗಿಲೆದ್ದರೆ 3ರಿಂದ 10 ದಿನದೊಳಗೆ ಇಡೀ ಬೆಳೆ ಹೋಗಬಹುದು. ಇದಕ್ಕೆ ಔಷಧಿ ಇಲ್ಲ. ಭಾರತದಲ್ಲಿ 1994ರ ಹೊತ್ತಿಗೇ ಕಾಣಿಸಿಕೊಂಡ ರೋಗವಿದು. ಆದರೂ ಇವತ್ತಿಗೂ ನಾವು ಮಾದರಿ ಕಟ್ಟಿ ದೂರದ ಲ್ಯಾಬ್‌ಗೆ ಕಳಿಸಿ, ಫೋನ್ ನೋಡ್ತಾ ಕೂರ್ತೀವಿ. ಪರೀಕ್ಷೆ ಹೊಂಡದ ದಂಡೆಗೆ ಬರಬೇಕು ಅನ್ನೋದು ನನ್ನ ವಾದ. ಬಂದರಷ್ಟೇ ಸಾಲದು, ಅದರ ಫಲಿತಾಂಶ ಪಕ್ಕದ ಹೊಂಡದವರಿಗೂ ಗೊತ್ತಾಗಬೇಕು.

ಚಿಪ್ಪಿನ ಮೇಲಿನ ಚುಕ್ಕೆಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ರೋಗ ಖಚಿತ ಆಗಲ್ಲ. ಬ್ಯಾಕ್ಟೀರಿಯಾದಿಂದಲೂ ಅಂಥ ಚುಕ್ಕೆ ಬರುತ್ತೆ. ವೈರಸ್ ಇದ್ದೂ ಚುಕ್ಕೆ ಕಾಣದೇ ಇರಬಹುದು.

ಹಾಗಾದರೆ ದಾರಿ ಯಾವುದು? ಪಿಸಿಆರ್ ತುಂಬಾ ಸೂಕ್ಷ್ಮ, ಆದರೆ ಯಂತ್ರ, ಲ್ಯಾಬ್, ತರಬೇತಿ ಪಡೆದವರು ಬೇಕು. ‘ಲ್ಯಾಂಪ್’ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಹದದ ಬಿಸಿ ಸಾಕು, ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ಸಿಗುತ್ತೆ. ಇನ್ನೊಂದು, ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿದ ಕಿಟ್‌ನಂಥ ಪಟ್ಟಿ ಪರೀಕ್ಷೆ. ಈ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳ ಬಗ್ಗೆ ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು 2002ರಲ್ಲೇ ಪ್ರಕಟಿಸಿದ್ದಾರೆ. ಅದರ ಮೇಲೆ ಹೊಂಡದ ಬಳಿಯೇ ಮಾಡಬಹುದಾದ ಪರೀಕ್ಷೆಯನ್ನೂ ರೂಪಿಸಿದರು. ಅಂದರೆ ವಿದ್ಯೆ ನಮ್ಮ ಕರಾವಳಿಯಲ್ಲೇ ಇದೆ. ಅದು ಪ್ರತಿ ಹೊಂಡದ ದಂಡೆಗೆ ತಲುಪಬೇಕು.

ಒಂದು ಎಚ್ಚರಿಕೆ. ಪಟ್ಟಿ ಪರೀಕ್ಷೆಗೆ ವೈರಸ್ ಜಾಸ್ತಿ ಪ್ರಮಾಣದಲ್ಲಿ ಇರಬೇಕು. ಅದರಲ್ಲಿ ‘ಇಲ್ಲ’ ಅಂತ ಬಂದರೆ ಹೊಂಡ ಶುದ್ಧ ಅಂತಲ್ಲ. ಹಾಗಾಗಿ ಮರಿ ಬಿಡುವ ಮುಂಚೆ ಪಿಸಿಆರ್ ಮಾಡಿಸಿ, ಬೆಳೆ ನಡುವೆ ಅನುಮಾನ ಬಂದಾಗ ದಂಡೆಯಲ್ಲೇ ಪಟ್ಟಿ ಇಲ್ಲವೇ ಲ್ಯಾಂಪ್ ಮಾಡಿ. ಮರಿ ಪರೀಕ್ಷೆಗೆ ಐದಾರು ಮರಿ ಕೊಟ್ಟರೆ ಆಗಲ್ಲ. ಒಂದು ತಂಡದಿಂದ ಅಲ್ಲಲ್ಲಿ ತೆಗೆದ 150 ಮರಿಯಲ್ಲಿ ವೈರಸ್ ಸಿಗದಿದ್ದರೆ, ಸೋಂಕು ಶೇ 2ಕ್ಕಿಂತ ಕಡಿಮೆ ಇದೆ ಅಂತ ಶೇ 95ರಷ್ಟು ವಿಶ್ವಾಸದಿಂದ ಹೇಳಬಹುದು.

ಈಗ ಕಹಿ ಮಾತು. ಕುಮಟಾದ ಅಘನಾಶಿನಿ ಗಜನಿಯಂಥ ಕಡೆ ಒಬ್ಬರು ಬಿಟ್ಟ ನೀರು ಇನ್ನೊಬ್ಬರ ಹೊಂಡಕ್ಕೆ ಹೋಗುತ್ತೆ. ಏಡಿಗಳೂ ವೈರಸ್ ಹೊತ್ತು ತಿರುಗುತ್ತವೆ. ರೋಗದ ಸುದ್ದಿ ಹಬ್ಬಿದರೆ ದಲ್ಲಾಳಿ ರೇಟ್ ಇಳಿಸ್ತಾನೆ ಅಂತ ಸುದ್ದಿ ಮುಚ್ಚಿಟ್ಟು, ಗಡಿಬಿಡಿಯಲ್ಲಿ ಸಿಗಡಿ ಹಿಡಿದು, ನೀರನ್ನು ಹಾಗೇ ಹೊಳೆಗೆ ಬಿಟ್ಟರೆ ಎಷ್ಟು ವೇಗದ ಪರೀಕ್ಷೆ ಬಂದರೂ ಏನು ಪ್ರಯೋಜನ? ಬೇಗ ಗೊತ್ತಾದವನು ಬೇಗ ಬಚಾವಾಗ್ತಾನೆ, ಉಳಿದವರು ಮುಳುಗ್ತಾರೆ.

ಆದ್ದರಿಂದ ಕಿಟ್ ಒಬ್ಬೊಬ್ಬರೇ ಕೊಳ್ಳೋದು ಬೇಡ. ಒಂದೇ ಕಾಲುವೆಯ ನೀರು ಬಳಸುವವರೆಲ್ಲ ಗುಂಪಾಗಿ ಕೊಳ್ಳಿ. ‘ಇದೆ’ ಅಂತ ಬಂದ ದಿನವೇ ಗುಂಪಿಗೆ ತಿಳಿಸಿ, ತೂಬು ಮುಚ್ಚಿ, ಬಲೆ, ಬಕೆಟ್ ಹಂಚಿಕೊಳ್ಳೋದು ನಿಲ್ಲಿಸಿ. ಕ್ಲೋರಿನ್ ಹಾಕಿ, ಅದರ ಅಂಶ ಇಳಿಯೋ ತನಕ ನೀರು ಹೊರಗೆ ಬಿಡಬೇಡಿ. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್‌ನಲ್ಲೂ ದಾಖಲಿಸಿ.

ಸರ್ಕಾರಕ್ಕೂ ಒಂದು ಮಾತು: ಇಂಥ ಗುಂಪುಗಳಿಗೆ ಕಿಟ್‌ಗೆ ಸಬ್ಸಿಡಿ ಕೊಡಿ, ರೋಗ ಮುಚ್ಚಿಡದೆ ಹೇಳಿದವರಿಗೆ ಪರಿಹಾರವನ್ನೂ ಕೊಡಿ. ನಿಜ ಹೇಳಿದವನಿಗೇ ನಷ್ಟ ಅನ್ನೋ ಸ್ಥಿತಿ ಇರುವ ತನಕ ಯಾರೂ ಬಾಯಿ ಬಿಡಲ್ಲ.