ಮಕ್ಕಳ ಕಾದಂಬರಿಕಾರನ ಮೊದಲ ಪುಸ್ತಕ: ಅಚ್ಚುಮನೆಯಿಂದ ಓದುಗನವರೆಗೆ

ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡ ಸಾಹಿತ್ಯ ಚರಿತ್ರೆ ಗೌರವದಿಂದ ನೆನೆಯುತ್ತದೆ. ಅದೇ ಕೆಲಸವನ್ನು ಇಂದಿನ ಹೊಸ ಲೇಖಕನೊಬ್ಬ ಕೈಗೊಂಡರೆ ಅದು ಆತ್ಮಪ್ರಚಾರವೆನಿಸಿಕೊಳ್ಳುತ್ತದೆ. ಈ ಇಬ್ಬಗೆಯ ನಿಲುವಿನಿಂದ ಹೆಚ್ಚು ನಷ್ಟ ಅನುಭವಿಸುವವರು ಮಕ್ಕಳಿಗಾಗಿ ಮೊದಲ ಕಾದಂಬರಿ ಬರೆದವರು.

ಕೃತಿಯನ್ನು ಓದುಗನಿಗೆ ತಲುಪಿಸುವ ಹೊಣೆಯನ್ನು ಕನ್ನಡ ಪರಂಪರೆ ಎಂದೂ ಕೀಳಾಗಿ ಕಂಡಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದ್ದು ಪ್ರಸಾರಕಾರ್ಯವೇ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸರ್ಕಾರದ ಉನ್ನತ ಹುದ್ದೆಯಲ್ಲಿದ್ದವರು. ರಾಜೀನಾಮೆಯ ನಂತರ ‘ಜೀವನ’ ಪತ್ರಿಕೆಯನ್ನು ನಡೆಸಿದರು, ಪ್ರಕಾಶನದ ಹೊಣೆಯನ್ನೂ ಹೊತ್ತರು. ಮಕ್ಕಳ ಕವಿ ಜಿ.ಪಿ. ರಾಜರತ್ನಂ ತಮ್ಮನ್ನು ‘ಸಾಹಿತ್ಯ ಪರಿಚಾರಕ’ನೆಂದು ಕರೆದುಕೊಂಡರು.

ಆದರೆ ರಾಜರತ್ನಂ ಅವರ ಶಿಶುಗೀತೆಗಳಿಗೆ ಒದಗಿದ ಅನುಕೂಲ ಮಕ್ಕಳ ಕಾದಂಬರಿಗೆ ಇಲ್ಲ. ಪದ್ಯ ತಾಯಿಯ ಬಾಯಿಂದ ಮಗುವಿನ ಬಾಯಿಗೆ ಸಾಗುತ್ತದೆ. ಪಠ್ಯಪುಸ್ತಕದ ಒಂದು ಪುಟ ಅದಕ್ಕೆ ಸಾಕು. ಕಾದಂಬರಿಗೆ ಇಡೀ ಪುಸ್ತಕವೇ ಕೈಯಲ್ಲಿರಬೇಕು. ಅದನ್ನು ಓದಬೇಕಾದ ಮಗುವಿನ ಬಳಿ ಹಣವಿಲ್ಲ. ಹಣವಿರುವ ಪೋಷಕರು ಪರೀಕ್ಷೆಗೆ ನೆರವಾಗುವ ಪುಸ್ತಕವನ್ನು ಮೊದಲು ಕೊಳ್ಳುತ್ತಾರೆ. ಹೊಸ ಲೇಖಕನ ಹೆಸರಂತೂ ಇಬ್ಬರಿಗೂ ಅಪರಿಚಿತ.

ಕೋಲಾರದಂತಹ ಗಡಿಜಿಲ್ಲೆಯಲ್ಲಿ ಈ ತೊಡಕಿಗೆ ಇನ್ನೊಂದು ಮಗ್ಗುಲಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮಕ್ಕಳ ಮನೆಮಾತು ತೆಲುಗು; ಕನ್ನಡ ಅವರಿಗೆ ಶಾಲೆಯ ಭಾಷೆ. ಡಿ.ವಿ. ಗುಂಡಪ್ಪನವರಂತಹ ಗದ್ಯಕಾರರನ್ನು ಕೊಟ್ಟ ನೆಲವಿದು ಎಂಬ ಹೆಮ್ಮೆಯೊಂದರಿಂದಲೇ ಅಲ್ಲಿನ ಮಗು ಕನ್ನಡ ಕಾದಂಬರಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಪಾಠಕ್ಕೂ ಪರೀಕ್ಷೆಗೂ ಹೊರಗೆ ಕನ್ನಡದಲ್ಲಿ ಸುಖವಿದೆಯೆಂದು ಅದಕ್ಕೆ ಯಾರಾದರೂ ತೋರಿಸಬೇಕು. ಲೇಖಕನೇ ತರಗತಿಗೆ ಬಂದು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಕಥೆ ಬಿಗಿಗೊಂಡ ಕಡೆ ನಿಲ್ಲಿಸಿದರೆ, ಜಾಹೀರಾತು ಮಾಡಲಾರದ ಕೆಲಸ ಅಲ್ಲಿ ನಡೆಯುತ್ತದೆ.

ಬೆಂಬಲದ ವ್ಯವಸ್ಥೆಗಳು ಇಲ್ಲವೆಂದಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ. ಕನ್ನಡದಲ್ಲಿ ಅದು ಬೊಳುವಾರು ಮಹಮ್ಮದ್ ಕುಂಞಿ, ನಾ. ಡಿಸೋಜ ಅವರಂತಹ ಕಾದಂಬರಿಕಾರರಿಗೆ ಸಂದಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು. ಪ್ರೋತ್ಸಾಹಧನ ಮುದ್ರಣದ ಹೊತ್ತಿಗೆ ಒದಗುತ್ತದೆ, ಪುರಸ್ಕಾರ ಹೆಸರಾದ ಮೇಲೆ. ನಡುವಿನ ದಾರಿಯನ್ನು ಹೊಸ ಲೇಖಕ ಒಬ್ಬನೇ, ಸ್ವಂತ ಖರ್ಚಿನಲ್ಲಿ ನಡೆಯಬೇಕಾಗಿದೆ.

ಇಲ್ಲೊಂದು ಎಚ್ಚರವೂ ಬೇಕು. ಶಾಲೆ ಸಂತೆಯಲ್ಲ. ಶಿಕ್ಷಕರ ಮಾತಿಗೆ ಕಟ್ಟುಬಿದ್ದು ಮಗು ಪುಸ್ತಕ ಕೊಳ್ಳುವಂತಾದರೆ ಓದಿನ ಮೇಲಿನ ಪ್ರೀತಿಗಿಂತ ಸಂಕೋಚವೇ ಬೆಳೆಯುತ್ತದೆ. ಕೊಳ್ಳಲಾಗದ ಮಗುವಿಗೆ ಅವಮಾನವೂ ಆಗುತ್ತದೆ. ಆದ್ದರಿಂದ ಶಾಲೆಯಲ್ಲಿ ವಾಚನ ನಡೆಯಲಿ, ಖರೀದಿ ಗ್ರಂಥಾಲಯದ ಮೂಲಕ ಆಗಲಿ. ಚೊಚ್ಚಲ ಕೃತಿಯ ನೆರವಿನೊಡನೆ ಹತ್ತಾರು ಹಳ್ಳಿಶಾಲೆಗಳಿಗೆ ಹೋಗಿಬರುವ ಪ್ರಯಾಣವೆಚ್ಚವನ್ನೂ ಸೇರಿಸಿದರೆ, ಸಂಸ್ಥೆಗಳಿಗೆ ಅದು ದೊಡ್ಡ ಹೊರೆಯಾಗದು.

ಇದರ ಲಾಭ ಓದುಗರಿಗೆ ಮಾತ್ರ ಸೀಮಿತವಲ್ಲ. ಮಕ್ಕಳ ಕಾದಂಬರಿಗಳನ್ನು ನಮ್ಮ ವಿಮರ್ಶೆ ಅಪರೂಪಕ್ಕೆ ಕೈಗೆತ್ತಿಕೊಳ್ಳುತ್ತದೆ. ಎಲ್ಲಿ ಆಕಳಿಸಬೇಕು, ಎಲ್ಲಿ ‘ಆಮೇಲೆ?’ ಎಂದು ಕೇಳಬೇಕು ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಲೇಖಕನಿಗೆ ದೊರೆಯಬಹುದಾದ ಪ್ರಾಮಾಣಿಕ ವಿಮರ್ಶೆ ಅದು. ಎರಡನೆಯ ಕಾದಂಬರಿ ಮೊದಲನೆಯದಕ್ಕಿಂತ ಉತ್ತಮವಾಗುವುದು ಅಂತಹ ತರಗತಿಗಳಿಂದಲೇ.