ಮುನ್ಸೂಚನೆ ಬರಿಯ ಮಾಹಿತಿಯೆ?

ಗೋದಾವರಿಯ ದಡದ ಪಂಚವಟಿಯಲ್ಲಿರುವ ನಮಗೆ ಕಡಲಿನ ಗೊಡವೆ ಏಕೆ? ಮುಂಬಯಿ ಹೈನ ಅನಿಲವೇ ಉರಣಕ್ಕೆ ಬಂದು ಅಡಿಗೆಯ ಗ್ಯಾಸೂ ಆಗುತ್ತದೆ, ಅದಕ್ಕೆ.

2005ರ ಜುಲೈ 27ರಂದು ಅಲ್ಲಿಯ ಉತ್ತರ ವೇದಿಕೆಗೆ, ಗಾಯಗೊಂಡ ಅಡಿಗೆಯವನೊಬ್ಬನನ್ನು ಚಿಕಿತ್ಸೆಗೆ ದಾಟಿಸಲು ಬಂದ ಹಡಗು ಅನಿಲದ ಕೊಳವೆಗೆ ತಾಗಿತು. ಎರಡು ಗಂಟೆಗಳಲ್ಲಿ ವೇದಿಕೆ ಉರಿದು ಕುಸಿಯಿತು. 22 ಜನ ಸತ್ತರು. ಹಡಗಿನ ಹೆಸರೋ, ‘ಸಮುದ್ರ ಸುರಕ್ಷಾ’! ನಿಯಮಗಳು ಬಂದದ್ದು 2008ರಲ್ಲಿ. ವಿಜ್ಞಾನಕ್ಕೇನೂ ಬರವಿರಲಿಲ್ಲ. ತೈಲೋದ್ಯಮದ ಸುರಕ್ಷತೆ, ಪರಿಸರಗಳಿಗೆಂದೇ ಗೋವೆಯಲ್ಲಿ ಓ.ಎನ್.ಜಿ.ಸಿ.ಯ ಸಂಸ್ಥೆ 1989ರಿಂದಲೂ ಇದೆ. ಅಲ್ಲಿಯೇ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ದಡಕ್ಕೆ ಬೀಳುವ ಡಾಂಬರಿನ ಉಂಡೆಗಳನ್ನು ಪರೀಕ್ಷಿಸಿ ಎಣ್ಣೆಯ ಮೂಲ ಹುಡುಕುತ್ತಾರೆ.

ಆದರೂ 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಬಗ್ಗೆ ಹವಾಮಾನ ಇಲಾಖೆ ಮೊದಲೇ ಎಚ್ಚರಿಸಿದ್ದರೂ, ‘ಪಿ-305’ ಬಾರ್ಜು 261 ಜನರೊಡನೆ ತೈಲಕ್ಷೇತ್ರದಲ್ಲಿಯೇ ಉಳಿಯಿತು. ಲಂಗರು ಕಿತ್ತುಹೋಗಿ, 17ರಂದು ಮುಳುಗಿತು. ಸುಮಾರು 70 ಮಂದಿ ತೀರಿಕೊಂಡರು.

ಕಡತಗಳ ನಡುವೆ ಬಾಳುವ ನಮ್ಮಂಥ ಗುಮಾಸ್ತರಿಗೆ ಗೊತ್ತು: ‘ಮಾಹಿತಿಗಾಗಿ’ ಎಂದು ಬಂದ ಸುತ್ತೋಲೆಗೆ ಸಹಿ ಬೀಳುತ್ತದೆ, ಅಷ್ಟೆ. ಚಂಡಮಾರುತದ ಮುನ್ಸೂಚನೆ ಕಡಲಿನಲ್ಲಿ ಆಜ್ಞೆಯಾಗಬೇಕು. ಜನರನ್ನು ದಡ ಸೇರಿಸದ ಗುತ್ತಿಗೆದಾರನೂ, ಅವನಿಗೆ ಕೆಲಸ ವಹಿಸಿದ ಅಧಿಕಾರಿಯೂ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕು. ಇದಕ್ಕೆ ಇನ್ನೊಂದು ಸಂಶೋಧನೆ ಬೇಕೇನು?